ಬೀಗರಾದ ಮೇಲೆ ಗ್ರಾವಾಸ್ಟಾರು

ಸ್ನೇಹ ಕಳೆದುಕೊಳ್ಳುವುದಕ್ಕೆ ಈ ಲೋಕದಲ್ಲಿ ದಾರಿಗಳಿಗೇನೂ ಬರವಿಲ್ಲ. ಸ್ನೇಹಿತನ ಜೊತೆ ಪಾಲಿನಲ್ಲಿ ಸೈಟು ಕೊಳ್ಳಬಹುದು. ಪಂಚಾಯಿತಿ ಚುನಾವಣೆಯಲ್ಲಿ ಅವನ ತಮ್ಮನಿಗೆ ಓಟು ಹಾಕದೆ, ಹಾಕಲಿಲ್ಲವೆಂದು ಯಾರ ಮುಂದಾದರೂ ಬಾಯಿಬಿಡಬಹುದು. ಅವನ ಸ್ಕೂಟರು ಇಸಕೊಂಡು ಹೋಗಿ ಎಲ್ಲಾದರೂ ಗುದ್ದಿಕೊಂಡು ಬರಬಹುದು. ನಾನು ಇದ್ಯಾವುದನ್ನೂ ಮಾಡಿದವನಲ್ಲ. ನನ್ನ ಸ್ನೇಹ ಹೋದದ್ದು ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ, ಗಟ್ಟಿಮೇಳ ಬಾರಿಸುತ್ತಿದ್ದಾಗ, ಬಂದವರೆಲ್ಲ ನಗುನಗುತ್ತಾ ಅಕ್ಷತೆ ಹಾಕುತ್ತಿದ್ದಾಗ. ಹಾಕಿದವರಲ್ಲಿ ನಾನೂ ಒಬ್ಬ. ನನ್ನ ಮಗಳನ್ನು ನನ್ನ ಪ್ರಾಣಸ್ನೇಹಿತನ ಮಗನಿಗೆ ಧಾರೆ ಎರೆದು ಕೊಟ್ಟೆ. ಅಲ್ಲಿಗೆ ನನಗೊಬ್ಬ ಬೀಗ ಸಿಕ್ಕಿದ, ಸ್ನೇಹಿತ ಹೋದ. ಮಗಳು ಸುಖವಾಗಿದ್ದಾಳೆ, ಅಳಿಯ ಬಂಗಾರದಂಥವನು, ದೂರುವುದಕ್ಕೆ ಒಂದು ಕಾರಣವೂ ಇಲ್ಲ. ನನ್ನ ಸಂಕಟ ಇರುವುದೇ ಅಲ್ಲಿ. ಕಾರಣವಿದ್ದಿದ್ದರೆ ಕೂತು ಜಗಳವಾದರೂ ಆಡಬಹುದಿತ್ತು.

ಅವನ ಹೆಸರು ಮರಿಲಿಂಗೇಗೌಡ. ಈಗ ನಾನು ‘ಅವರ ಹೆಸರು’ ಅನ್ನಬೇಕು, ಆದರೆ ಬರೆಯುವಾಗಲಾದರೂ ಸ್ವಲ್ಪ ಸ್ವಾತಂತ್ರ್ಯ ಇರಲಿ. ಮದ್ದೂರಿನ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು, ಅವನು ಗಣಿತದ ಮೇಷ್ಟ್ರು. ನನ್ನ ಮನೆ ಮಂಡ್ಯದಲ್ಲಿ, ಅವನದು ಮಳವಳ್ಳಿಯಲ್ಲಿ. ಸಂಜೆ ಕಾಲೇಜು ಬಿಟ್ಟ ಮೇಲೆ ನನಗೆ ರೈಲು ಬರುವ ತನಕ, ಅವನಿಗೆ ಬಸ್ಸು ಹೊರಡುವ ತನಕ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಕೂತು, ಒಂದು ಪ್ಲೇಟು ವಡೆ ಮಧ್ಯಕ್ಕಿಟ್ಟುಕೊಂಡು, ಕಪ್ಪುರಂಧ್ರಗಳ ಬಗ್ಗೆ ಕಿತ್ತಾಡುವುದು ನಮ್ಮ ದಿನಚರಿಯಾಗಿತ್ತು. ತರಗತಿಯಲ್ಲಿ ಅವನು ಅಚ್ಚುಕಟ್ಟಾದ ಪುಸ್ತಕದ ಕನ್ನಡ ಮಾತಾಡುವವನು. ನನ್ನ ಮುಂದೆ ಕೂತರೆ ಸಾಕು, ಹುಟ್ಟಿದೂರಿನ ಮಾತು ಧುಮುಕಿಕೊಂಡು ಬರುತ್ತಿತ್ತು. ನನಗೆ ಅವನು ‘ಲಿಂಗ’, ಅವನಿಗೆ ನಾನು ‘ಪುಟ್ಟ’. ಪುಟ್ಟಸ್ವಾಮಿ ಎಂಬ ನನ್ನ ಪೂರ್ತಿ ಹೆಸರು ಅವನಿಗೆ ಗೊತ್ತಿತ್ತೋ ಇಲ್ಲವೋ ಎಂದು ಲಗ್ನಪತ್ರಿಕೆ ಅಚ್ಚಾಗುವ ತನಕ ನನಗೆ ಅನುಮಾನವಿತ್ತು.

ಜಗಳದ ವಿಷಯವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ನಷ್ಟ ಎಷ್ಟೆಂದು ತಿಳಿಯುವುದಿಲ್ಲ. ದೊಡ್ಡ ನಕ್ಷತ್ರವೊಂದು ಉರಿದು ಮುಗಿದ ಮೇಲೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಕುಸಿದೂ ಕುಸಿದೂ ಕೊನೆಗೆ ಒಂದು ಅಂಚು ಹುಟ್ಟುತ್ತದೆ, ಆ ಅಂಚು ದಾಟಿ ಒಳಗೆ ಹೋದದ್ದು ಬೆಳಕಾದರೂ ಸರಿಯೇ, ವಾಪಸ್ಸು ಬರುವುದಿಲ್ಲ. ನಟ್ಟನಡುವೆ ಎಲ್ಲವೂ ಒಂದು ಬಿಂದುವಿಗೆ ಅರೆದುಹೋಗಿರುತ್ತದೆ. ಆ ಬಿಂದುವಿನಲ್ಲಿ ಸಾಂದ್ರತೆ ಅನಂತ, ಸಮೀಕರಣಗಳೆಲ್ಲ ಕೈಚೆಲ್ಲುತ್ತವೆ. ಇದು ಪಠ್ಯಪುಸ್ತಕದ ಕಪ್ಪುರಂಧ್ರ. ವರ್ಷವರ್ಷವೂ ಹುಡುಗರ ಮುಂದೆ ನಿಂತು, ಇಲ್ಲಿಗೆ ಬಂದ ಮೇಲೆ ನಮ್ಮ ಲೆಕ್ಕ ನಡೆಯುವುದಿಲ್ಲ, ಮುಂದೆ ಕೇಳಬೇಡಿ ಎಂದು ಹೇಳುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಯಾವುದೋ ಪತ್ರಿಕೆಯಲ್ಲಿ ಗ್ರಾವಾಸ್ಟಾರಿನ ಬಗ್ಗೆ ಓದಿದೆ. ಓದಿದವನೇ ಮನಸೋತೆ. ಮದುವೆಯಾದ ಮೇಲೆ ನಾನು ಮನಸೋತದ್ದು ಅದೊಂದಕ್ಕೇ.

ಗ್ರಾವಾಸ್ಟಾರು ಅಂದರೆ ಇಷ್ಟೇ. ನಕ್ಷತ್ರ ಕುಸಿಯುತ್ತಾ ಹೋಗಿ, ಇನ್ನೇನು ಆ ಅಂಚು ಹುಟ್ಟಬೇಕು ಅನ್ನುವಾಗ ಒಳಗಿರುವುದೆಲ್ಲ ಬೇರೆ ಸ್ಥಿತಿಗೆ ತಿರುಗಿ, ಹೊರಮುಖವಾಗಿ ನೂಕುವುದಕ್ಕೆ ಶುರುಮಾಡುತ್ತದೆ. ಹೊರಗಡೆ ತೆಳ್ಳನೆಯ, ಗಟ್ಟಿಯಾದ ಒಂದು ಚಿಪ್ಪು, ಒಳಗೆ ಆ ಚಿಪ್ಪನ್ನು ಬೀಳದಂತೆ ಎತ್ತಿ ಹಿಡಿಯುವ ಒತ್ತಡ. ನಡುವೆ ಅರೆದುಹೋಗುವ ಬಿಂದುವೂ ಇಲ್ಲ, ವಾಪಸ್ಸು ಬರಲಾಗದ ಅಂಚೂ ಇಲ್ಲ. ನಾನು ಇದನ್ನು ಲಿಂಗನಿಗೆ ಮೊದಲ ಸಲ ಹೇಳಿದ್ದು ಪೂರಿ ತಿನ್ನುತ್ತಿದ್ದಾಗ. ನೋಡ್ಲಾ, ಉಬ್ಬಿದ ಪೂರಿ ಹೆಂಗೆ ನಿಂತಿದೆ, ಹೊರಗೆ ಚಿಪ್ಪು, ಒಳಗೆ ಒತ್ತಡ, ಅಂದೆ. ಅವನು ಬೆರಳು ಚಾಚಿ ನನ್ನ ಪೂರಿಗೆ ಚುಚ್ಚಿದ. ಪೂರಿ ಉಸ್ಸೆಂದು ಕೂತುಕೊಂಡಿತು. ನಿನ್ ಸಿದ್ಧಾಂತ ಎಲ್ಲೋಯ್ತು ಎಂದು ಕೇಳಿ, ಆ ಪೂರಿಯನ್ನು ತಾನೇ ತಿಂದ. ಅವತ್ತಿನಿಂದ ನಮ್ಮ ವಾದ ಶುರು.

ಅವನ ವಾದವೂ ಸಾಮಾನ್ಯದ್ದಲ್ಲ. ಚಿಪ್ಪಿನ ಮೇಲೆ ಇನ್ನಷ್ಟು ಸಾಮಾನು ಸುರಿದರೆ ಅದು ತಡೆಯುತ್ತದೆಯೇ, ಭಾರ ಹೆಚ್ಚಾಗಿ ಅದೇ ಕುಸಿದು ಕಪ್ಪುರಂಧ್ರವಾಗುವುದಿಲ್ಲವೇ ಎನ್ನುತ್ತಿದ್ದ. ಒಳಗಿನದು ಒತ್ತಬೇಕು ಅಂತ ಅದಕ್ಕೆ ಹೇಳಿದವರ್ಯಾರು ಎಂದು ಕೇಳುತ್ತಿದ್ದ. ನನಗೆ ಉತ್ತರ ಸಿಗದ ದಿನ ಬೇರೆ ಬೇರೆ ಪಕ್ಷಗಳಿಗೆ ಹಾರುತ್ತಿದ್ದೆ. ಕಪ್ಪುರಂಧ್ರವೆನ್ನುವುದು ಸೂಕ್ಷ್ಮವಾದ ಎಳೆಗಳು ಸಿಕ್ಕು ಬಿದ್ದ ದೊಡ್ಡ ಉಂಡೆ ಎನ್ನುವವರಿದ್ದಾರೆ, ಒಳಗೆ ಬಿದ್ದದ್ದರ ನೆನಪೆಲ್ಲ ಆ ಎಳೆಗಳಲ್ಲೇ ಉಳಿದಿರುತ್ತದಂತೆ. ಮೇಲ್ಮೈಯೇ ಇಲ್ಲದ, ಬೆಳಕು ಹಾದುಹೋಗಬಲ್ಲ ಬೋಸಾನ್ ನಕ್ಷತ್ರ ಎನ್ನುವವರಿದ್ದಾರೆ. ಇನ್ನು ಕೆಲವರು ಅದು ಇನ್ನೊಂದು ಕಡೆಗೆ ತೆರೆದುಕೊಳ್ಳುವ ಸುರಂಗ ಎನ್ನುತ್ತಾರೆ. ಒಂದೇ ವಾರದಲ್ಲಿ ನಾನು ಈ ಮೂರರ ಪರವಾಗಿಯೂ ವಾದ ಮಾಡಿದ್ದುಂಟು. ಚುನಾವಣೆ ಹತ್ತಿರ ಬಂದಾಗ ನಮ್ಮ ಜಿಲ್ಲೆಯಲ್ಲಿ ಹೀಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ ಎಂದು ಲಿಂಗ ಸಮಾಧಾನ ಹೇಳುತ್ತಿದ್ದ. ದೂರದ ಯಾವುದೋ ಗೆಲಾಕ್ಸಿಯ ನಡುವಿನ ಕಪ್ಪುರಂಧ್ರದ ಚಿತ್ರ, ಅದೇ ಕಿತ್ತಳೆ ಬಣ್ಣದ ಬಳೆಯಂಥದ್ದು, ಪೇಪರಿನಲ್ಲಿ ಬಂದ ದಿನವಂತೂ ಅವನು ಸ್ಟಾಫ್ ರೂಮಿಗೆ ಪೇಪರನ್ನು ಬಾವುಟದ ಹಾಗೆ ಹಿಡಿದುಕೊಂಡು ಬಂದ. ಅದು ಬರೀ ನೆರಳು ಕಣ್ಲಾ, ಗ್ರಾವಾಸ್ಟಾರಿನ ನೆರಳೂ ಹೆಚ್ಚುಕಡಿಮೆ ಹಂಗೇ ಕಾಣ್ತದೆ, ಅಂದೆ. ಸಾಯೋವರ್ಗೂ ಸೋಲೊಪ್ಪಲ್ಲ ನೀನು ಎಂದು ಬೈದು, ಸಂಜೆ ಅವನೇ ವಡೆ ಕೊಡಿಸಿದ.

ಇಬ್ಬರೂ ಒಪ್ಪಿಕೊಂಡಿದ್ದ ಪರೀಕ್ಷೆ ಒಂದೇ. ಅಂಥ ಎರಡು ವಸ್ತುಗಳು ಡಿಕ್ಕಿ ಹೊಡೆದು ಒಂದಾದಾಗ ಆಕಾಶವೇ ಗಂಟೆಯಂತೆ ಸ್ವಲ್ಪ ಹೊತ್ತು ಕಂಪಿಸುತ್ತದೆ. ಅದು ನಿಜವಾದ ಕಪ್ಪುರಂಧ್ರವಾಗಿದ್ದರೆ ಕಂಪನ ಒಳಗೆ ಹೋಗಿ ಮುಗಿಯಿತು, ಆಮೇಲೆ ನಿಶ್ಶಬ್ದ. ಒಳಗೆ ಚಿಪ್ಪಿದ್ದರೆ ಕಂಪನ ಅದಕ್ಕೆ ಬಡಿದು, ಒಳಗೊಳಗೇ ಓಡಾಡಿ, ತಡವಾಗಿ, ಕ್ಷೀಣವಾಗಿ ಒಂದು ಮಾರ್ದನಿ ಹೊರಗೆ ಬರಬೇಕು. ಕೇಳಿಸಿತು ಎಂದು ಕೆಲವರು ಹೇಳಿದರು, ಅದೇ ದತ್ತಾಂಶವನ್ನು ನೋಡಿದ ಇನ್ನು ಕೆಲವರು ಬರೀ ಗದ್ದಲ ಎಂದರು. ಕೇಳಿಸ್ದಾಗ ಯೋಳು, ಅಲ್ಲೀಗಂಟ ವಡೆ ತಿನ್ನು, ಎನ್ನುವುದು ಲಿಂಗನ ತೀರ್ಪು.

ಹೀಗೇ ಒಂದು ಸಂಜೆ ನಾನು ಮಾರ್ದನಿಯ ಬಗ್ಗೆ ಜೋರಾಗಿ ಹೇಳುತ್ತಿದ್ದಾಗ ಅವನು ಕಾಫಿ ಲೋಟ ಕೆಳಗಿಟ್ಟ.

“ಲೇ ಪುಟ್ಟ, ನಿನ್ ಮಗಳ್ನ ನಮ್ಮನೆಗೆ ಕೊಟ್ಬುಡ್ಲಾ.”

ಅವನ ಮಗ ರೇಷ್ಮೆ ಇಲಾಖೆಯಲ್ಲಿ ಕೆಲಸದಲ್ಲಿದ್ದ, ನನ್ನ ಮಗಳು ಮೇಷ್ಟ್ರು ಕೆಲಸಕ್ಕೆ ಸೇರಿದ್ದಳು, ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಇಷ್ಟ ಎನ್ನುವುದು ಅಪ್ಪಂದಿರಿಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತಂತೆ. ನನ್ನ ಕಣ್ಣಲ್ಲಿ ನೀರು ಬಂತು. ಆದರೆ ವಾದದ ಬಿಸಿ ಇನ್ನೂ ಆರಿರಲಿಲ್ಲವಲ್ಲ, ಮೊದಲು ಕಪ್ಪುರಂಧ್ರದ ಅಂಚು ಇನ್ನೂ ಸಾಬೀತಾಗಿಲ್ಲ ಅಂತ ಒಪ್ಪಿಕೋ, ಆಮೇಲೆ ಕೊಡ್ತೀನಿ, ಅಂದೆ. ಅದೊಂದು ಬುಟ್ಟು ಬ್ಯಾರೆ ಏನಾದ್ರೂ ಕೇಳು ಅಂದ. ಅವನು ನನ್ನ ಮಾತಿಗೆ ಇಲ್ಲವೆಂದದ್ದು ಅದೇ ಕೊನೆ.

ನಮ್ಮ ಕಡೆ ಬೀಗತನವೆಂದರೆ ಹುಡುಗಾಟವಲ್ಲ. ಗಂಡಿನ ತಂದೆಯನ್ನು ಹೆಣ್ಣಿನ ತಂದೆ ಏಕವಚನದಲ್ಲಿ ಕರೆಯುವುದಿರಲಿ, ಅವರ ಮಾತಿಗೆ ಅಡ್ಡ ಮಾತಾಡುವುದೂ ಇಲ್ಲ. ಅವರೂ ಅಷ್ಟೇ, ಹೆಣ್ಣು ಕೊಟ್ಟವರನ್ನು ನೆಂಟರ ಮುಂದೆ ಹಗುರವಾಗಿ ಮಾತಾಡಿಸುವಂತಿಲ್ಲ. ನಿಶ್ಚಿತಾರ್ಥದ ಹಿಂದಿನ ದಿನ ನನ್ನ ಹೆಂಡತಿ ಸುಜಾತ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ನಾಳೆಯಿಂದ ಅವರು ನಿಮ್ಮ ಲಿಂಗ ಅಲ್ಲ, ಬೀಗರು, ನಿಮ್ಮ ಆ ಹಾಳು ನಕ್ಷತ್ರದ ಸುದ್ದಿ ಎತ್ತಬೇಡಿ, ಎತ್ತಿದರೆ ಜಗಳವಾಗುತ್ತೆ, ನೀವಿಬ್ಬರೂ ವಡೆ ತಿಂದು ಮರೆತುಬಿಡ್ತೀರಿ, ಅದು ಅಲ್ಲಿರೋ ನಮ್ಮ ಹುಡುಗಿ ತಲೆ ಮೇಲೆ ಬರುತ್ತೆ, ಎಂದಳು. ಅವಳ ಮಾತು ತಪ್ಪೆಂದು ಹೇಳುವ ಧೈರ್ಯ ಯಾವ ಹೆಣ್ಣು ಹೆತ್ತ ತಂದೆಗಿದೆ? ಅದೇ ಹೊತ್ತಿನಲ್ಲಿ ಮಳವಳ್ಳಿಯಲ್ಲಿ ಅವನ ಹೆಂಡತಿ ಭಾಗ್ಯಮ್ಮ ಅವನನ್ನು ಕೂರಿಸಿಕೊಂಡು ಇದೇ ಪಾಠ ಮಾಡಿದ್ದರೆಂದು ಆಮೇಲೆ ಮಗಳಿಂದ ತಿಳಿಯಿತು.

ಮದುವೆಯ ಗಲಾಟೆಯಲ್ಲಿ ನನಗೆ ಏನೂ ಅನ್ನಿಸಲಿಲ್ಲ. ತಿಳಿದದ್ದು ಮಳವಳ್ಳಿಯಲ್ಲಿ ಅವರು ನಡೆಸಿದ ಬೀಗರ ಊಟದ ದಿನ. ಪಂಕ್ತಿಯಲ್ಲಿ ನನ್ನನ್ನು ಮೊದಲಿಗೆ ಕೂರಿಸಿ ಅವನೇ ಎದುರಿಗೆ ನಿಂತ. ಪಕ್ಕದ ನೆಂಟರಿಗೆ ನನ್ನ ಪರಿಚಯ ಹೇಳಿದ: ನಮ್ಮ ಬೀಗರು ಬಹಳ ಓದಿದವರು, ಆಕಾಶದ ವಿಚಾರವೆಲ್ಲ ತಿಳಿದವರು. ನನ್ನ ಕೈಯಲ್ಲಿದ್ದ ಮುದ್ದೆ ಹಾಗೇ ನಿಂತಿತು. ಅಲ್ಲಿಯ ತನಕ ಅವನು ನನ್ನನ್ನು ಪರಿಚಯಿಸುತ್ತಿದ್ದ ರೀತಿಯೆಂದರೆ, ಇವನಿಗೆ ತಲೆಯೊಳಗೆ ಒಂಚೂರು ಗಾಳಿ ಸೇರ್ಕೊಂಡದೆ, ಒಳ್ಳೇ ಮನುಷ್ಯ, ಎನ್ನುವುದು. ನನ್ನ ತಟ್ಟೆಯಿಂದ ಹೇಳದೆ ಕೇಳದೆ ವಡೆ ಎತ್ತಿಕೊಳ್ಳುತ್ತಿದ್ದ ಕೈ ಅವತ್ತು ಆರಿಸಿ ಆರಿಸಿ ನನ್ನ ಎಲೆಗೆ ನಲ್ಲಿಮೂಳೆ ಹಾಕಿತು. ಮೂಳೆಯ ಒಳಗಿನದನ್ನು ಹೀರಿ ಕೈಯಲ್ಲಿ ಹಿಡಿದು ನೋಡಿದೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಖಾಲಿ. ಹಳೇ ಚಾಳಿ ಎಲ್ಲಿ ಹೋಗುತ್ತದೆ, ನೋಡಿ, ಇದರ ಹಾಗೇ ಚಿಪ್ಪು ತನ್ನ ಪಾಡಿಗೆ ತಾನು ನಿಲ್ಲುತ್ತೆ, ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಅವನು ಬೈಯುತ್ತಾನೆಂದು ಒಂದು ಕ್ಷಣ ಆಸೆಯಾಯಿತು. ಅವನು ಕೈಮುಗಿದು, ಹೌದಲ್ಲವೇ ಬೀಗರೇ, ಎಂದು ಇನ್ನೊಂದು ಮೂಳೆ ಹಾಕಿಸಿದ. ಅಷ್ಟು ಒಳ್ಳೆಯ ಊಟ ನನ್ನ ಬಾಯಿಗೆ ಯಾವತ್ತೂ ಅಷ್ಟು ಕಹಿಯಾಗಿರಲಿಲ್ಲ.

ಕಾಲೇಜಿನಲ್ಲಾದರೂ ಮೊದಲಿನ ಹಾಗಿರುತ್ತಾನೆ ಎಂದುಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಾಗಿ ನಾವು ದಿನಾ ಹೊಡೆದಾಡುತ್ತಿದ್ದೆವು. ಈಗ ನಾನು ಒಳಗೆ ಬಂದರೆ ಅವನು ಎದ್ದು ನಿಲ್ಲುತ್ತಿದ್ದ. ನೀವು ಕೂತ್ಕೊಳಿ, ಇಲ್ಲ ನೀವೇ ಕೂತ್ಕೊಳಿ, ಛೇ ಛೇ ನೀವು, ಎಂದು ಇಬ್ಬರೂ ನಿಂತೇ ಇರುತ್ತಿದ್ದೆವು, ಅಷ್ಟರಲ್ಲಿ ಇತಿಹಾಸದ ಮೇಡಮ್ಮು ಬಂದು ಕೂತುಬಿಡುತ್ತಿದ್ದರು. ಕಾಲೇಜಿನ ಅರ್ಧ ಜನ ಅವನ ಹೆಂಡತಿಯ ಕಡೆಯವರು, ಇನ್ನರ್ಧ ನನ್ನ ಹೆಂಡತಿಯ ಕಡೆಯವರು. ಅಲ್ಲಿ ಕೆಮ್ಮಿದರೆ ಮಳವಳ್ಳಿಯಲ್ಲಿ ಕಷಾಯ ಕಾಯಿಸುತ್ತಾರೆ. ಸಂಜೆ ಹೋಟೆಲಿಗೆ ಹೋದರೂ ಈಗ ಎರಡು ಪ್ಲೇಟು ಬೇರೆ ಬೇರೆ. ಮಾಣಿ ಮೊದಲ ದಿನ ಅಭ್ಯಾಸಬಲದಿಂದ ಒಂದೇ ಪ್ಲೇಟು ತಂದಿಟ್ಟಾಗ ನಾವಿಬ್ಬರೂ ಅದನ್ನು ಮುಟ್ಟದೆ ಮಳೆ ಬೆಳೆ ಮಾತಾಡಿದೆವು.

ಆ ಕಾಲದಲ್ಲೇ ನನಗೊಂದು ಅದ್ಭುತವಾದ ಸುದ್ದಿ ಸಿಕ್ಕಿತು. ಗ್ರಾವಾಸ್ಟಾರಿನೊಳಗೆ ಇನ್ನೊಂದು ಗ್ರಾವಾಸ್ಟಾರು, ಅದರೊಳಗೆ ಮತ್ತೊಂದು, ಹೀಗೆ ಚಿಪ್ಪಿನೊಳಗೆ ಚಿಪ್ಪು ಇರಬಹುದೆಂದು ಲೆಕ್ಕದಲ್ಲಿ ಯಾರೋ ತೋರಿಸಿದ್ದರು. ಹಳೇ ಲಿಂಗನಾಗಿದ್ದರೆ ಈ ಒಂದು ವಿಷಯಕ್ಕೆ ತಿಂಗಳುಗಟ್ಟಲೆ ನನ್ನ ಮಾನ ಕಳೆಯುತ್ತಿದ್ದ. ಕಳೆಯಲಿ ಎಂದೇ, ಗಾಳಕ್ಕೆ ಎರೆಹುಳ ಸಿಕ್ಕಿಸಿದ ಹಾಗೆ, ಅದನ್ನು ವಡೆಯ ಮುಂದೆ ಇಳಿಬಿಟ್ಟೆ. ಅವನ ಮೂಗಿನ ತುದಿ ಅದುರಿತು. ಬಾಯಿ ಅರ್ಧ ತೆರೆಯಿತು. ಅವನು ಒಂದು ಗುಟುಕು ನೀರು ಕುಡಿದ.

“ಇರಬಹುದು ಬೀಗರೇ. ನೀವು ಓದಿದ್ದೀರಿ ಅಂದ ಮೇಲೆ ಇದ್ದೇ ಇರುತ್ತೆ.”

ನಾನು ಅಷ್ಟು ವರ್ಷ ಹೋರಾಡಿದ್ದು ಈ ಗೆಲುವಿಗೆ. ಗೆದ್ದ ಮೇಲೆ ರೈಲಿನಲ್ಲಿ ಕೂತು ಮಂಡ್ಯ ಬರುವ ತನಕ ಕಬ್ಬಿನ ಗದ್ದೆಗಳನ್ನು ನೋಡುತ್ತಾ ಹೋದೆ, ಯಾರಾದರೂ ಮಾತಾಡಿಸಿದ್ದರೆ ಅತ್ತುಬಿಡುತ್ತಿದ್ದೆ. ಆಮೇಲೆ ನನಗೂ ಹಟ ಬಂತು. ಅವನು ಮರ್ಯಾದೆ ಕೊಟ್ಟರೆ ನಾನೇನು ಕಡಿಮೆಯೇ ಎಂದು, ಹುಡುಗರ ವಿಜ್ಞಾನ ಸಂಘದ ಸಭೆಯಲ್ಲಿ ಎದ್ದು ನಿಂತು, ಕಪ್ಪುರಂಧ್ರಗಳೇ ಸರಿ, ಬಹುಪಾಲು ವಿಜ್ಞಾನಿಗಳು ಗಣಿತದ ಮೇಷ್ಟ್ರ ಪಕ್ಷದಲ್ಲೇ ಇದ್ದಾರೆ ಎಂದೆ. ಅವನು ಎದ್ದು, ಹಾಗೇನಿಲ್ಲ, ಭೌತಶಾಸ್ತ್ರದ ಮೇಷ್ಟ್ರು ನಂಬಿರುವ ಗ್ರಾವಾಸ್ಟಾರನ್ನು ಯಾರಿಗೂ ಅಲ್ಲಗಳೆಯಲಾಗಿಲ್ಲ ಎಂದ. ನಾನು ಅವನ ಹಳೇ ವಾದಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ, ಅವನು ನನ್ನವನ್ನು. ನನ್ನ ವಾದಗಳನ್ನು ಅವನು ನನಗಿಂತ ಚೆನ್ನಾಗಿ ಹೇಳಿದ, ಅದು ಬೇರೆ ಉರಿ. ಹುಡುಗರು ಟಿಪ್ಪಣಿ ಬರೆದುಕೊಳ್ಳುವುದನ್ನು ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದರು. ಪ್ರಿನ್ಸಿಪಾಲರು ಮಾತ್ರ ಇಬ್ಬರ ವಿನಯವನ್ನೂ ಮೆಚ್ಚಿಕೊಂಡರು.

ಒಂದು ಭಾನುವಾರ ಮಗಳು ಫೋನಿನಲ್ಲಿ ನಗುತ್ತಾ ಹೇಳಿದಳು, ಮಾವ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುವಾಗ ಒಬ್ಬರೇ ಗ್ರಾವಾಸ್ಟಾರನ್ನು ಬೈದುಕೊಳ್ಳುತ್ತಾರಂತೆ, ಅತ್ತೆ ಒಳಗಿನಿಂದ, ಸುಮ್ನಿರಿ, ಸೊಸೆ ಕೇಳಿಸಿಕೊಂಡಾಳು, ಅನ್ನುತ್ತಾರಂತೆ. ನೀವಿಬ್ಬರೂ ಮೊದಲಿನ ಹಾಗೇ ಮಾತಾಡಿಕೊಳ್ಳಿ ಅಪ್ಪ, ನನಗೇನೂ ಆಗಲ್ಲ, ಎಂದೂ ಹೇಳಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ಸಲ ಹೇಳಿಸಿ ಕೇಳಿದೆ. ಅಂದರೆ ಅವನು ಒಳಗೆ ಇನ್ನೂ ಇದ್ದಾನೆ, ಚಿಪ್ಪು ಮಾತ್ರ ಬೀಗರದು. ಆದರೆ ಮಗಳು ಹೇಳಿದಷ್ಟು ಸುಲಭವಲ್ಲ ಅದು. ಮೊದಲು ಯಾರು ಶುರುಮಾಡಬೇಕು? ನಾನು ಹೆಣ್ಣು ಕೊಟ್ಟವನು. ಅವನು ಹೆಂಡತಿಗೆ ಮಾತು ಕೊಟ್ಟವನು.

ಅಷ್ಟರಲ್ಲಿ ಅವನ ನಿವೃತ್ತಿ ಬಂತು. ಬೀಳ್ಕೊಡುಗೆ ಸಮಾರಂಭದಲ್ಲಿ ನಾನು ಮಾತಾಡಬೇಕಿತ್ತು. ಪೂರಿಯ ಕಥೆ ಹೇಳಬೇಕು, ಒಂದು ಸಲ ಎಲ್ಲರ ಮುಂದೆ ‘ಲೇ ಲಿಂಗ’ ಎನ್ನಬೇಕು ಎಂದು ರೈಲಿನಲ್ಲೆಲ್ಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಎದ್ದು ನಿಂತರೆ ಮುಂದಿನ ಸಾಲಿನಲ್ಲಿ ಭಾಗ್ಯಮ್ಮ, ಪಕ್ಕದಲ್ಲಿ ಸುಜಾತ. ಸನ್ಮಾನ್ಯರು, ಸರಳ ಸಜ್ಜನರು, ನಮ್ಮ ಬೀಗರೆಂದು ಹೇಳಿಕೊಳ್ಳಲು ಹೆಮ್ಮೆಪಡುತ್ತೇನೆ, ಎಂದು ಶಾಲು ಹೊದಿಸಿ ಕೂತೆ. ಅವನು ಹಾರದೊಳಗಿನಿಂದ ನನ್ನನ್ನೇ ನೋಡುತ್ತಿದ್ದ. ಅವನು ಇಷ್ಟು ದಿನ ಯಾವುದಕ್ಕೆ ಕಾಯುತ್ತಿದ್ದನೋ ಅದನ್ನು ನಾನು ಅವತ್ತೂ ಕೊಡಲಿಲ್ಲ.

ಈಗ ಸಂಜೆ ಹೋಟೆಲಿಗೆ ನಾನೊಬ್ಬನೇ ಹೋಗುತ್ತೇನೆ. ಒಂದು ಪ್ಲೇಟು ಪೂರ್ತಿ ನನ್ನದೇ. ಕಸಿಯುವವರಿಲ್ಲದ ವಡೆಗೆ ರುಚಿ ಕಡಿಮೆ, ಡಾಕ್ಟರು ನಿಲ್ಲಿಸಿ ಎಂದಾಗ ಆಗದ ಕೆಲಸ ಇದರಿಂದ ಆಯಿತು.

ಮೊನ್ನೆ ನಾನೂ ಸುಜಾತಳೂ ಮಗಳನ್ನು ನೋಡಿಕೊಂಡು ಬರಲು ಮಳವಳ್ಳಿಗೆ ಹೋಗಿದ್ದೆವು. ಹೋದಾಗಿನಿಂದ ಬರುವ ತನಕ ಉಪಚಾರವೇ ಉಪಚಾರ. ನಾನು ಸಾರು ಚೆನ್ನಾಗಿದೆ ಎಂದೆ, ಅವನು ದಾರಿಯಲ್ಲಿ ತೊಂದರೆಯಾಗಲಿಲ್ಲ ತಾನೇ ಎಂದು ಕೇಳಿದ. ವಾಪಸ್ಸು ಹೊರಟಾಗ ಗಂಡ ಹೆಂಡತಿ ಇಬ್ಬರೂ ಬಸ್ ಸ್ಟ್ಯಾಂಡಿನ ತನಕ ಬಂದರು. ನಾವು ಮದ್ದೂರಿನ ಬಸ್ಸು ಹತ್ತಿ ಕೂತೆವು, ಕಿಟಕಿಯ ಕೆಳಗೆ ಅವರಿಬ್ಬರೂ ಕೈಮುಗಿದು ನಿಂತರು. ಕಂಡಕ್ಟರು ರೈಟ್ ಅಂದ. ಬಸ್ಸು ನಾಲ್ಕು ಮಾರು ಮುಂದಕ್ಕೆ ಹೋಗಿರಬೇಕು, ಹಿಂದಿನಿಂದ ಇಡೀ ಸ್ಟ್ಯಾಂಡಿಗೆ ಕೇಳಿಸುವಂತೆ ಒಂದು ಕೂಗು ಬಂತು.

“ಲೇ ಪುಟ್ಟಾ! ಚಿಪ್ಪಿನೊಳ್ಗೆ ಚಿಪ್ಪು ಅಂದ್ರೆ ಅದು ಈರುಳ್ಳಿ ಕಣ್ಲಾ! ಸುಲೀತಾ ಓಯ್ತಿದ್ರೆ ಕೊನೆಗೆ ಕೈಲಿ ಏನೂ ಉಳಿಯಲ್ಲ ಕಣ್ಲಾ!”

ನಾನು ಎಷ್ಟೋ ತಿಂಗಳ ಹಿಂದೆ ವಡೆಯ ಮುಂದೆ ಇಳಿಬಿಟ್ಟಿದ್ದ ಮಾತಿಗೆ ಉತ್ತರ ಅದು. ಎಲ್ಲೆಲ್ಲೋ ಬಡಿದು, ಒಳಗೊಳಗೇ ಓಡಾಡಿ, ತಡವಾಗಿ ಬಂದಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಅವನು ರಸ್ತೆಯ ಮಧ್ಯದಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಭಾಗ್ಯಮ್ಮ ತೋಳು ಹಿಡಿದು ಎಳೆಯುತ್ತಿದ್ದರೂ ಲೆಕ್ಕಿಸದೆ, ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದ. ನಾನು ಬಾಯಿ ತೆರೆದೆ. ನನ್ನ ಕೈಗಳು ತಾವಾಗಿಯೇ ಜೋಡಿಕೊಂಡವು.

“ಆಗಲಿ ಬೀಗರೇ, ಬರ್ತೀವಿ” ಎಂದೆ.

ಅವನು ಪಂಚೆ ಕೆಳಗೆ ಬಿಟ್ಟು ತಾನೂ ಕೈಮುಗಿದ. ಬಸ್ಸು ತಿರುಗಿತು. ಎಷ್ಟು ಗಂಭೀರವಾಗಿ ನಡಕೊಂಡಿರಿ ಎಂದು ಸುಜಾತ ನಮ್ಮ ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ಹೊಗಳಿದಳು.

ಮದ್ದೂರಿನಲ್ಲಿ ಇಳಿಯುವ ಹೊತ್ತಿಗೆ ಹೇಳಬೇಕಾಗಿದ್ದ ಉತ್ತರ ಹೊಳೆಯಿತು. ಲೇ ಲಿಂಗ, ಈರುಳ್ಳಿ ಸುಲಿದೋನಿಗೆ ಕಣ್ಣಲ್ಲಿ ನೀರಾದರೂ ಉಳೀತದೆ ಕಣ್ಲಾ, ನಿನ್ ಬ್ಲ್ಯಾಕ್ ಹೋಲಿಂದ ಅದೂ ಬರಲ್ಲ. ಇಷ್ಟು ಒಳ್ಳೆಯ ಉತ್ತರ ನನ್ನ ಜನ್ಮದಲ್ಲಿ ಹೊಳೆದಿರಲಿಲ್ಲ. ಸುಜಾತ ಹಣ್ಣು ಕೊಳ್ಳಲು ಆ ಕಡೆ ಹೋದ ತಕ್ಷಣ ಫೋನು ತೆಗೆದು ಅವನ ನಂಬರು ಒತ್ತಿದೆ. ಎತ್ತಿದ ಸದ್ದು ಕೇಳಿಸಿದ ಕೂಡಲೇ, “ಲೇ” ಎಂದೆ. ಆ ಕಡೆಯಿಂದ, ಯಾರು ಮಾತಾಡೋದು, ಎಂದು ಭಾಗ್ಯಮ್ಮನವರ ದನಿ ಬಂತು.

ಕ್ಷೇಮವಾಗಿ ಮದ್ದೂರು ತಲುಪಿದೆವು, ಬೀಗರಿಗೆ ತಿಳಿಸಿಬಿಡಿ, ಎಂದು ಹೇಳಿ ಫೋನಿಟ್ಟೆ.